ಉಪ್ಪಿನಕಾಯಿಯಲ್ಲಿ ನೆನೆದ ರಷ್ಯನ್ ಉತ್ತರಗಳು

"ಒಂದು ಆನ್ಸರ್ ಕೀ ಹುಡುಕುವುದೇನು ಮಹಾ ಕೆಲಸ? ನನಗೆ ಬಿಡಿ!" ಎಂದು ಎದೆ ತಟ್ಟಿ ಹೇಳಿದ್ದೇ ತಪ್ಪಾಯಿತು.

ಮಗಳು ಶ್ರೇಯಾ ಇಲ್ಲಿ ಕುವೈತಿನ ಶಾಲೆಯಲ್ಲಿ ಗೆಳತಿಯರ ಹಿಂದೆ ಹೋಗಿ ರಷ್ಯನ್ ಭಾಷೆ ತೆಗೆದುಕೊಂಡಿದ್ದಳು. ಮೊದಲ ಪರೀಕ್ಷೆ ಫೇಲು. ವಾರ್ಷಿಕದಲ್ಲೂ ಹಾಗೇ ಆದರೆ ಮತ್ತೆ ಅದೇ ಕ್ಲಾಸು! ಪಾಪ, ಹುಡುಗಿ ಊಟ ಬಿಟ್ಟು ಅಳುತ್ತಿದ್ದಳು. ಜಾಬ್ರಿಯಾದ ಕ್ಲಿನಿಕ್ಕೊಂದರ ಮ್ಯಾನೇಜರನಾದ ನಾನು ಅವಳ ಅಭ್ಯಾಸಕ್ಕೆಂದು ಹಳೇ ಪ್ರಶ್ನೆಪತ್ರಿಕೆಯ ಆನ್ಸರ್ ಕೀ ಹುಡುಕಲು ಕೂಡಲೇ ಕಾರ್ಯಪ್ರವೃತ್ತನಾದೆ.

ಇಂಟರ್ನೆಟ್ಟಿನಲ್ಲಿ ಉತ್ತರ ಸಿಕ್ಕಿತು. ಪ್ರಶ್ನೆ ಸಿಗಲಿಲ್ಲ! ಅಂತೂ ಅದನ್ನೂ ಹುಡುಕಿ, ಪ್ರಿಂಟ್ ತೆಗೆದು ಮುಂದಿಟ್ಟರೆ ಮಗಳು, "ಪಪ್ಪಾ, ದಿಸ್ ಈಸ್ ಫಾರ್ ಕಿಡ್ಸ್ ಇನ್ ರಷ್ಯಾ! ಐ ಆಮ್ ಎ ಬಿಗಿನರ್!" ಎಂದು ಮತ್ತೆ ಅಳಲು ಶುರುಮಾಡಿದಳು.

ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಬಾರದ ವಸ್ತು ಲೋಕದಲ್ಲಿ ಉಂಟೇ? ಉತ್ತರಗಳ ಸಮೇತ ಒಂದು ಗೈಡನ್ನು ದೆಹಲಿಯಿಂದ ಸುರತ್ಕಲ್ಲಿನ ಅತ್ತೆ ಮನೆಗೆ ತರಿಸಿದೆ. ರಜೆಗೆ ಊರಿಗೆ ಹೋಗಿದ್ದ ಪಕ್ಕದ ಫ್ಲ್ಯಾಟಿನ ಹಮೀದ್, ಅಂದರೆ ನಮ್ಮೆಲ್ಲರ ಹಮೀದಾಕ, ಅದನ್ನು ತರುವುದೆಂದು ಏರ್ಪಾಡಾಯಿತು.

"ಪಿಡಿಎಫ್ ಸಿಗ್ತದಂತಲ್ಲ?" ಎಂದಳು ಹೆಂಡತಿ ಸುಮತಿ.

"ಪುಸ್ತಕ ಅಂದ್ರೆ ಪುಸ್ತಕ!" ಎಂದೆ.

ಪೆಟ್ಟಿಗೆ ತೆರೆದಾಗ ಮನೆ ತುಂಬ ಉಪ್ಪಿನಕಾಯಿಯ ಪರಿಮಳ. "ನಾನೆಂತ ಮಾಡುದು ರೈಗಳೇ? ನಿಮ್ಮ ಅತ್ತೆಯೇ ಬಾಟ್ಲಿಯನ್ನು ಪುಸ್ತಕದ ಮೇಲೆ ಇಟ್ಟದ್ದು!" ಎಂದರು ಹಮೀದಾಕ. ಉತ್ತರದ ಪುಟಗಳೆಲ್ಲ ಕೆಂಪಾಗಿ ಅಂಟಿಕೊಂಡಿದ್ದವು. ಸುಮತಿ ಪುಟದ ಮೇಲಿಂದ ಒಂದು ಮಿಡಿ ಎತ್ತಿ ಕಚ್ಚಿದಳು.

"ಅಮ್ಮ ಈ ಸಲ ಉಪ್ಪು ಸರಿ ಹಾಕಿದ್ದಾರೆ. ಪರೀಕ್ಷೆ ಮುಂದಿನ ವಾರ. ಇನ್ನೆಂತ ಮಾಡ್ತೀರಿ?"

ಅಳಿದುಳಿದ ಪುಟಗಳನ್ನಾದರೂ ಸ್ಕ್ಯಾನ್ ಮಾಡೋಣವೆಂದು ಮಗಳನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಓಡಿದೆ. ಸ್ಕ್ಯಾನರೂ ಖಲಾಸ್! ನಾನು ಅದರ ಗಾಜಿನಿಂದ ಎಣ್ಣೆ ಒರೆಸುತ್ತಿದ್ದಾಗ, ಹಲ್ಲಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತ ಶ್ರೇಯಾ ಕಿರುಚಿದಳು: "ಪಪ್ಪಾ, ಲುಕ್! ಆ ಸರ್ಟಿಫಿಕೇಟ್ ರಷ್ಯನ್!"

ಪುತ್ತೂರಿನ ಡಾಕ್ಟರು. ದಿನವೂ ನನ್ನ ಜೊತೆ ಚಹಾ ಕುಡಿಯುವವರು. ಕಲಿತದ್ದು ರಷ್ಯಾದಲ್ಲಿ! "ಒಂದು ಮಾತು ನನ್ನತ್ರ ಹೇಳ್ಬಾರ್ದಾ ಮಾರಾಯ್ರೆ?" ಎನ್ನುತ್ತ ವಾರವಿಡೀ ಅವಳಿಗೆ ಪಾಠ ಹೇಳಿಕೊಟ್ಟರು.

ಶ್ರೇಯಾ ಪಾಸಾದಳು. ಆ ಖುಷಿಗೆ ಡಾಕ್ಟರನ್ನು ಊಟಕ್ಕೆ ಕರೆದೆವು. ಅವರಿಗೆ ಉಪ್ಪಿನಕಾಯಿ ಬಡಿಸುತ್ತ ಸುಮತಿ, "ಆ ಸರ್ಟಿಫಿಕೇಟ್ ಇಷ್ಟು ದಿನ ಇವರ ಕಣ್ಣಿಗೆ ಬೀಳ್ಲೇ ಇಲ್ವಾ?" ಎಂದು ಕೇಳಿದಳು.

"ಬೀಳದೆ ಎಂತ? ಗೋಡೆಗೆ ಮೊಳೆ ಹೊಡೆದು ಹಾಕಿದ್ದೇ ರೈಗಳು," ಎಂದರು ಡಾಕ್ಟರು. "ಅದೂ ತಲೆಕೆಳಗೆ! ನಾನೇ ಮತ್ತೆ ಸರಿ ಮಾಡಿದ್ದು."

ಅಂದಿನಿಂದ ಮನೆಯಲ್ಲಿ ಮೊಳೆ ಹೊಡೆಯುವ ಕೆಲಸವೂ ನನಗಿಲ್ಲ!