ನೆಲ ಮುಟ್ಟಿದ್ದು ಎರಡೇ ಸಲ

ಮಹಡಿಯ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ಪೈಲಟ್ ಮೊದಲ ದಿನವೇ ನನ್ನ ಕುರ್ಚಿಯನ್ನು ಕೋಣೆಯ ನಡುವೆ ಎಳೆದು, ಮೊಣಕಾಲುಗಳ ಮಧ್ಯೆ ಸೌಟು ನಿಲ್ಲಿಸಿ, ಎಡಗೈಯಲ್ಲಿ ಪೊರಕೆ ಹಿಡಿದು ಕೂತಿದ್ದ.

ನಾನು: ಏನಪ್ಪಾ ಇದು? ಅದು ನನ್ನ ಪೊರಕೆ.

ಪೈಲಟ್: ತಡೀರಿ ಅಜ್ಜಿ, ಇಳೀತಿದ್ದೀನಿ. ಇದನ್ನ ಎತ್ತಿದರೆ ಹೆಲಿಕಾಪ್ಟರ್ ಮೇಲೆ, ಇಳಿಸಿದರೆ ಕೆಳಗೆ.

ನಾನು: ಐವತ್ತು ವರ್ಷದಿಂದ ನಾನೂ ಎತ್ತಿದ್ದೀನಿ. ಧೂಳು ಬಿಟ್ಟು ಇನ್ನೇನೂ ಮೇಲೆ ಹೋಗಲಿಲ್ಲ.

ಪೈಲಟ್: ಕೈ ಮರೆಯಬಾರದಲ್ಲ, ಅದಕ್ಕೆ.

ನಾನು: ಹಾಗಾದ್ರೆ ನಿಜವಾದ್ದನ್ನೇ ಹಾರಿಸು.

ಪೈಲಟ್: ಅದರ ಬಾಡಿಗೆ ಕೇಳಿದ್ದೀರಾ? ವರ್ಷಕ್ಕೆ ಎರಡು ಸಲ ಏರಿಸ್ತಾರೆ. ಅದರ ಒಂದು ಗಂಟೆ ದುಡ್ಡಲ್ಲಿ ಈ ಕೋಣೇಲಿ ಎರಡು ತಿಂಗಳು ಇರಬಹುದು.

ನಾನು: ಕೋಣೆಯೇ ವಾಸಿ. ಇದೂ ಮೇಲೇ ಇದೆ, ಬೀಳೋದೂ ಇಲ್ಲ.

ಪೈಲಟ್: ತೊಂಬತ್ತು ದಿನದೊಳಗೆ ಮೂರು ಸಲ ಹಾರಿ ಇಳೀದಿದ್ರೆ ಜನರನ್ನ ಕೂರಿಸಿಕೊಳ್ಳೋ ಹಾಗಿಲ್ಲ, ಗೊತ್ತಾ?

ನಾನು: ಅಷ್ಟು ವರ್ಷ ಕಲಿತಿದ್ದು ತೊಂಬತ್ತು ದಿನಕ್ಕೆ ಹಳಸುತ್ತಾ? ಹಾಲಿಗಿಂತ ಒಂದು ಕೂದಲೆಳೆ ಮೇಲು.

ಹಿಂದಿನ ಸಲ ಹಾರಿದಂದಿನಿಂದ ತೊಂಬತ್ತನೆಯ ದಿನ ನನ್ನನ್ನು ಹೆಲಿಕಾಪ್ಟರ್ ಮೈದಾನಕ್ಕೆ ಕರೆದೊಯ್ದ. ಮರುದಿನ ಇಬ್ಬರು ಸರ್ವೆಯವರನ್ನು ಕೂರಿಸಿಕೊಂಡು ಹಾರುವ ಕೆಲಸ ಸಿಕ್ಕಿತ್ತು. ಆ ವರ್ಷಕ್ಕೆ ಅದೊಂದೇ. ಇಳಿದದ್ದನ್ನು ಬೇರೊಬ್ಬರು ಎಣಿಸಿ ಸಹಿ ಹಾಕಬೇಕೆಂಬುದು ಬಾಡಿಗೆ ಕಚೇರಿಯ ಪದ್ಧತಿ. ನಾನು ಎಡಗೈಯಲ್ಲಿ ಮೂರು ಹುರುಳಿಕಾಳು ಹಿಡಿದು ಬೇಲಿಯ ಪಕ್ಕ ಕೂತೆ. ಒಮ್ಮೆ ನೆಲ ಮುಟ್ಟಿದರೆ ಒಂದು ಕಾಳು ಬಲಗೈಗೆ.

ಪೈಲಟ್: ಮೂರಾಯ್ತು! ಸಹಿ ಹಾಕಿ ಅಜ್ಜಿ.

ನಾನು: ಎರಡು. ನೋಡು, ಈ ಕೈಯಲ್ಲಿ ಇನ್ನೂ ಒಂದು ಕಾಳಿದೆ.

ಪೈಲಟ್: ನಡುವಿನದ್ದು?

ನಾನು: ಅದು ಒಂದು ಗೇಣು ಮೇಲೇ ನಿಂತು ವಾಪಸ್ ಹೋಯ್ತು. ಅಡಿಯಲ್ಲಿ ಬೆಳಕು ಕಾಣ್ತಿತ್ತು.

ಪೈಲಟ್: ಮೀಟರ್ ಓಡ್ತಿತ್ತು! ಪೂರ್ತಿ ಕೂತು ಏಳೋಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ?

ನಾನು: ಬಾಗಿಲವರೆಗೆ ಬಂದು ತಿರುಗಿ ಹೋದವನನ್ನ ಮನೆಗೆ ಬಂದಿದ್ದ ಅಂತಾರಾ?

ಪೈಲಟ್: ಒಂದು ಗೇಣಿಗೆ ನನ್ನ ಕೆಲಸ ಕಳೀತೀರಾ?

ನಾನು: ನಾಳೆ ಆ ಇಬ್ಬರನ್ನೂ ಗೇಣಿನ ಮೇಲಿಂದ ಧುಮುಕಿಸ್ತೀಯಾ?

ಬಾಡಿಗೆ ಕಚೇರಿಯ ಗುಮಾಸ್ತ ಕಿಟಕಿಯಿಂದ ತಲೆ ಹೊರಹಾಕಿದ.

ಗುಮಾಸ್ತ: ಇನ್ನೊಂದು ಸಲ ಹೋಗ್ತೀರಾ ಸಾರ್? ಅರ್ಧ ಗಂಟೆಗಿಂತ ಕಡಿಮೆ ಕೊಡೋದಿಲ್ಲ. ಬೆಳಿಗ್ಗೆಯ ದರ ಹೋಯ್ತು, ಮಧ್ಯಾಹ್ನದಿಂದ ಹೊಸದು.

ಪೈಲಟ್ ಜೇಬಿನಿಂದ ಮುಂದಿನ ತಿಂಗಳ ಕೋಣೆ ಬಾಡಿಗೆಯ ಲಕೋಟೆ ತೆಗೆದ. ನನ್ನ ಮುಖ ನೋಡಿದ. ಚಿಲ್ಲರೆಯನ್ನೂ ಸೇರಿಸಿ ಕಿಟಕಿಯೊಳಗೆ ತಳ್ಳಿದ. ಆರೇ ನಿಮಿಷದಲ್ಲಿ ಹಾರಿ ಬಂದು, ಹುಲ್ಲು ಅಪ್ಪಚ್ಚಿಯಾಗುವಂತೆ ಕೂತ. ಮೂರನೆಯ ಕಾಳು ಬಲಗೈಗೆ ಬಂತು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ.

ಮರುದಿನ ಸರ್ವೆಯವರನ್ನು ಸುತ್ತಿಸಿ ತಂದ. ಸಂಜೆ ಪೆಟ್ಟಿಗೆ ಹಿಡಿದು ಮಹಡಿಯಿಂದ ಇಳಿದ.

ನಾನು: ದುಡಿದಿದ್ದೇನಾಯ್ತು?

ಪೈಲಟ್: ಮುಂದಿನ ಮೂರು ಇಳಿತಕ್ಕೆ ಮುಂಗಡ ಕಟ್ಟಿಬಿಟ್ಟೆ. ಬಾಡಿಗೆ ಮತ್ತೆ ಏರಿಸ್ತಾರಂತೆ. ಇನ್ಮೇಲೆ ಅಕ್ಕನ ಮನೇಲಿ ಇರ್ತೀನಿ.

ನಾನು: ಒಳ್ಳೇದು. ಪೂರ್ತಿ ಇಳಿ, ಇನ್ನೊಂದು ಮೆಟ್ಟಿಲಿದೆ.

ಹೊಸ್ತಿಲು ದಾಟಿದವನು ತಿರುಗಿ, ಬಾಗಿಲ ಹಿಂದಿನ ಮೂಲೆಯತ್ತ ಕಣ್ಣು ಹಾಯಿಸಿದ.

ಪೈಲಟ್: ಅಕ್ಕನ ಮನೇಲಿ ಗುಡಿಸೋಕೆ ಮಿಷನ್ನು ಅಜ್ಜಿ. ನಿಮ್ಮ ಆ ಕುರ್ಚಿಗೂ ಪೊರಕೆಗೂ ಗಂಟೆಗೆ ಎಷ್ಟು ತಗೋತೀರಾ?