ಐದು ಕಾಲಿನ ಮಾವ

ನಮ್ಮ ಸೋದರಮಾವನಿಗೆ ಒಟ್ಟು ಐದು ಕಾಲು. ಎರಡು ದೇವರು ಕೊಟ್ಟವು, ಮೂರು ದಾವಣಗೆರೆಯ ಮೊಬೈಲ್ ಅಂಗಡಿಯಲ್ಲಿ ಕೊಂಡವು. ದೇವರು ಕೊಟ್ಟವು ಮಂಡಿನೋವಿನಿಂದ ಈಚೆಗೆ ಬಗ್ಗುವುದಿಲ್ಲ. ಕೊಂಡವು ಮಾತ್ರ ಹೇಗೆ ಬೇಕೋ ಹಾಗೆ ಬಗ್ಗುತ್ತವೆ!

ನಾನು ಹೇಳುತ್ತಿರುವುದು ಮೊಬೈಲ್ ಕ್ಯಾಮೆರಾ ನಿಲ್ಲಿಸುವ ಟ್ರೈಪಾಡಿನ ವಿಷಯ. ಗೇಣುದ್ದದ್ದು. ಕಪ್ಪು ಮಣಿ ಪೋಣಿಸಿದಂತಿರುವ ಅದರ ಕಾಲುಗಳನ್ನು ಯಾವುದಕ್ಕೆ ಬೇಕಾದರೂ ಸುತ್ತಬಹುದು. ಕೆ.ಬಿ. ಬಡಾವಣೆಯ ಮಾವನ ಮನೆಯಲ್ಲಿ ಅದು ಸುತ್ತಿಕೊಳ್ಳದ ವಸ್ತುವಿಲ್ಲ. ಕಿಟಕಿ ಸರಳು, ಫ್ರಿಜ್ಜಿನ ಹಿಡಿಕೆ, ಸ್ಕೂಟರಿನ ಕನ್ನಡಿ. ಒಮ್ಮೆ ನಾನು ಊಟಕ್ಕೆ ಕೂತಾಗ ನೀರಿನ ಚೊಂಬಿನ ಕೊರಳಿಗೇ ಸುತ್ತಿತ್ತು. ಬಾಯಾರಿದವನು ಏನು ಮಾಡಬೇಕು? ಶೂಟಿಂಗ್ ಮುಗಿಯುವ ತನಕ ಕಾಯಬೇಕು.

ಹೋದ ವರ್ಷ ಒಂದು ಮದುವೆಗೆಂದು ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಕಂಬಿಗೆ ಮಾವ ಅದನ್ನು ಸುತ್ತಿ, ಮೊಬೈಲ್ ಸಿಕ್ಕಿಸಿ, ಬಾತಿ ಗುಡ್ಡ ಬರುವುದನ್ನೇ ಕಾಯುತ್ತ ಕೂತರು. ಕಂಡಕ್ಟರ್ ಬಂದವರು ಅದನ್ನು ಮುಟ್ಟಿ ನೋಡಿ, ಇದಕ್ಕೂ ಒಂದು ಟಿಕೆಟ್ ಹರಿಯಲೇ ಎಂದು ಕೇಳಿದರು.

"ಹುಟ್ಟಿ ಇನ್ನೂ ವರ್ಷ ಆಗಿಲ್ರಿ," ಎಂದರು ಮಾವ ಗಂಭೀರವಾಗಿ.

ಹರಿಹರದಲ್ಲಿ ಇಳಿದು ನಾಲ್ಕು ಹೆಜ್ಜೆ ಹೋಗಿದ್ದೆವಷ್ಟೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಕರೆದರು, "ಯಜಮಾನ್ರೇ, ಕೂಸು ಬಿಟ್ಟು ಹೊಂಟ್ರಲ್ರಿ."

ಮದುವೆಯಲ್ಲಿ ಕೂಸು ಪೆಂಡಾಲಿನ ಗಳಕ್ಕೆ ಏರಿತು. ಮಾವ ಅದನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋದದ್ದೇ ತಪ್ಪಾಯಿತು. ಕಾಲು ಸಡಿಲಾಗಿ ಮೊಬೈಲ್ ತಲೆತಗ್ಗಿಸಿ, ಇಡೀ ಧಾರೆಯಲ್ಲಿ ನೆರೆದವರ ಪಾದಗಳನ್ನಷ್ಟೇ ಚಿತ್ರಿಸಿಕೊಂಡಿತು. ಮನೆಯಲ್ಲೇ ಉಳಿದಿದ್ದ ಅತ್ತೆ ಅದನ್ನು ನೋಡಿ, ಕಾಲುಂಗುರದಿಂದ ಕೆಲವರನ್ನು, ಹಿಮ್ಮಡಿಯ ಬಿರುಕಿನಿಂದ ಉಳಿದವರನ್ನು ಗುರುತು ಹಿಡಿದರಂತೆ. ಹೊಸ ಚಪ್ಪಲಿ ಕಳೆದುಕೊಂಡಿದ್ದ ಬೀಗರೊಬ್ಬರು ಆ ವಿಡಿಯೋ ಕಳಿಸಿ ಎಂದು ವಾರಗಟ್ಟಲೆ ಫೋನ್ ಮಾಡಿದರು. ಮದುವೆಯ ಆಲ್ಬಮ್ಮನ್ನು ಯಾರಾದರೂ ಹೀಗೆ ಕೇಳಿದ್ದುಂಟೇ?

ಅತ್ತೆ ಯಾವ ಮದುವೆಗೂ ಬರುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಜ್ವರ ಬಂದು ಅವರ ಕಿವಿ ಪೂರ್ತಿ ಹೋಯಿತು. ಯಂತ್ರ ಹಾಕಿದರೂ ಕೇಳಿಸಲಿಲ್ಲ. ಎದುರಿನವರು ಎರಡು ಸಲ ಕೂಗಿ ಹೇಳಿ, ಮೂರನೆಯ ಸಲ ಹೋಗಲಿ ಬಿಡಿ ಎನ್ನುವುದನ್ನು ಕಂಡು ಕಂಡು ಅತ್ತೆ ಜನರ ನಡುವೆ ಬರುವುದನ್ನೇ ಬಿಟ್ಟರು. ಆಮೇಲೆ ಮಾತೂ ಕಡಿಮೆಯಾಯಿತು. ಮಾವನಿಗೆ ಅದೊಂದನ್ನು ಸಹಿಸಲಾಗಲಿಲ್ಲ. ಕೈಯಲ್ಲಿ ಮಾತಾಡುವುದನ್ನು ಇಬ್ಬರೂ ಸೇರಿ ಕಲಿತರು. ಸನ್ನೆ ಗೊತ್ತಿಲ್ಲದ್ದಕ್ಕೆ ತಾವೇ ಒಂದನ್ನು ಮಾಡಿಕೊಂಡರು.

ಇದೆಲ್ಲ ನನಗೆ ಗೊತ್ತಿತ್ತು, ಆದರೆ ಬೇರೆಯವರ ಮುಂದೆ ಅತ್ತೆ ಸನ್ನೆ ಮಾಡುತ್ತಿರಲಿಲ್ಲವಾದ್ದರಿಂದ ಕಣ್ಣಾರೆ ನೋಡಿರಲಿಲ್ಲ. ಮೊನ್ನೆ ಮತ್ತೆ ಹರಿಹರಕ್ಕೆ ಹೋದಾಗ ಮಾವ ಹೊಳೆದಂಡೆಯ ಮೆಟ್ಟಿಲ ಮೇಲೆ ಕೂತು, ಕಟಾಂಜನದ ಸರಳಿಗೆ ಟ್ರೈಪಾಡ್ ಸುತ್ತಿ, ಅತ್ತೆಗೆ ವಿಡಿಯೋ ಕರೆ ಮಾಡಿದರು. ಮೊಬೈಲನ್ನು ಕೈಯಲ್ಲೇ ಹಿಡಿದುಕೊಳ್ಳಬಾರದೇ ಎಂದೆ.

"ಒಂದು ಕೈ ಅದಕ್ಕೇ ಕೊಟ್ರೆ ಅರ್ಧ ಮಾತು ಅಷ್ಟೇ ಆಗ್ತೈತಪ," ಎಂದರು.

ಆಮೇಲೆ ಅವರು ನನ್ನನ್ನು ಮರೆತರು. ಎರಡೂ ಅಂಗೈ ಚಾಚಿ ಹೊಳೆ ಎಷ್ಟು ತುಂಬಿದೆ ಎಂದು ತೋರಿಸಿದರು. ಬೆರಳು ಕುಣಿಸಿ ನೀರಿನ ಸುಳಿ ತೋರಿಸಿದರು. ಹುಬ್ಬು, ಭುಜ, ಕೊರಳು, ಎಲ್ಲವೂ ಮಾತಾಡಿದವು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡತೊಡಗಿದರು. ಪುಟ್ಟ ಪರದೆಯೊಳಗೆ ಅತ್ತೆಯ ಕೈಗಳೂ ಬಿಡುವಿಲ್ಲದೆ ಆಡಿದವು. ಕೊನೆಗೆ ಅವರು ಏನೋ ಹೇಳಿದರು. ಮಾವ ಸುತ್ತ ನೋಡಿ, ನಾಚಿ, ಕೈಗಳನ್ನು ಮಡಿಲಿಗೆ ಇಳಿಸಿಕೊಂಡರು.

ಅತ್ತೆ ಏನಂದರು ಎಂದು ಕೇಳಿದೆ.

"ಅಷ್ಟು ಜೋರಾಗಿ ಮಾತಾಡಬ್ಯಾಡ್ರಿ, ಮಂದಿ ನೋಡ್ತಾರೆ ಅಂತಾಳೆ."