ಹತ್ತಿದ್ದು ಯಾರು, ನಿಂತಿದ್ದು ಯಾರು?

ಒಂಬತ್ತು ಹಸುಗಳನ್ನು ನಾಲ್ಕು ದಿನ ನೋಡಿಕೊಳ್ಳುವುದೂ ಒಂದು ಕೆಲಸವೇ? ಇಪ್ಪತ್ತೆರಡು ವರ್ಷದಿಂದ ಶಾಲೆಯ ಟೈಂಟೇಬಲ್ ಹಾಕುತ್ತಿರುವ ಮೇಷ್ಟ್ರು ನಾನು! ಹದಿನೆಂಟು ಸೆಕ್ಷನ್, ಮೂವತ್ತೊಂದು ಟೀಚರು, ಇರುವುದೊಂದೇ ಲ್ಯಾಬು. ಇಷ್ಟನ್ನು ಒಂದು ಹಾಳೆಯಲ್ಲಿ ಕೂರಿಸಿದವನಿಗೆ, ಮಾತೂ ಆಡದ, ರಜೆಯನ್ನೂ ಕೇಳದ ಒಂಬತ್ತು ಹಸುಗಳು ಯಾವ ಲೆಕ್ಕ?

ಹೀಗೆಂದು ನಾನು ಘೋಷಿಸಿದ್ದು ಹೆಂಡತಿ ಬ್ಯಾಗು ತುಂಬುತ್ತಿದ್ದಾಗ. ಅವಳ ತಂಗಿಗೆ ಆಪರೇಷನ್ ಆಗಿತ್ತು, ನಾಲ್ಕು ದಿನ ಹೋಗಿಬರಲೇಬೇಕಿತ್ತು. ಕೊಟ್ಟಿಗೆ ಅವಳ ಸಾಮ್ರಾಜ್ಯ. ಒಂದೇ ಹಸುವಿನಿಂದ ಶುರುಮಾಡಿ ಒಂಬತ್ತಕ್ಕೆ ತಂದವಳು ಅವಳು. ಆ ಮಹಾಕಾರ್ಯದಲ್ಲಿ ನನ್ನ ಪಾಲು ಏನೆಂದರೆ, ಲೋಟ ಖಾಲಿ ಮಾಡಿ "ಹಾಲು ಗಟ್ಟಿಯಾಗಿದೆ" ಎಂದು ಹೇಳುವುದು.

"ಯಾರಿಗೆ ಎಷ್ಟು ಹಿಂಡಿ ಅಂತ ಡಬ್ಬದ ಮೇಲೇ ಬರೆದಿದ್ದೀನಿ. ಅದಿರಲಿ, ಮೌನಿ ಮೇಲೆ ಮಾತ್ರ ಕಣ್ಣಿಟ್ಟಿರಿ ರೀ. ಇವತ್ತೋ ನಾಳೆಯೋ ಬೆದೆಗೆ ಬರಬೇಕು. ಬಂದ್ರೂ ಇರೋದು ಅರ್ಧ ದಿನ, ಹೆಚ್ಚಂದ್ರೆ ಮುಕ್ಕಾಲು ದಿನ. ಅಷ್ಟರೊಳಗೆ ಡಾಕ್ಟರನ್ನ ಕರೆಸಿ ಇಂಜೆಕ್ಷನ್ ಕೊಡಿಸಿಬಿಡಿ."

ಮೌನಿ ನಮ್ಮ ಮೊದಲ ಹಸುವಿನ ಮೊಮ್ಮಗಳು. ಉಳಿದವು ಬೆದೆಗೆ ಬಂದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತವೆ. ಇವಳದು ತುಟಿಪಿಟಕ್ಕೆನ್ನದ ಸ್ವಭಾವ, ಅದಕ್ಕೇ ಆ ಹೆಸರು. ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಂತಿರಲಿಲ್ಲ.

"ಈ ಸಲ ತಪ್ಪಿದ್ರೆ ಕೊಟ್ಟುಬಿಡೋದೇ. ಆ ದನದ ವ್ಯಾಪಾರಿ ತಿಂಗಳ ಕೊನೆಗೆ ಬರ್ತಾನೆ," ಎಂದಳು ಹೆಂಡತಿ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಬ್ಯಾಗಿನ ಜಿಪ್ ಜೊತೆ ಜಗಳವಾಡುತ್ತಿದ್ದಳು. ಅವಳಿಗೆ ಎಷ್ಟು ಸಂಕಟ ಎಂಬುದು ನನ್ನಂಥ ಮಂದಬುದ್ಧಿಗೂ ಗೊತ್ತಾಯಿತು.

"ನೀನು ನಿಶ್ಚಿಂತೆಯಿಂದ ಹೋಗು. ಮೈಯೆಲ್ಲ ಕಣ್ಣಾಗಿ ಕಾಯ್ತೀನಿ!"

ಬಸ್ಸು ತಿರುವು ದಾಟಿತೋ ಇಲ್ಲವೋ, ಕೊಟ್ಟಿಗೆಯ ಗೋಡೆಯ ಮೇಲೆ ನನ್ನ ಟೈಂಟೇಬಲ್ ಏರಿತು. ಮೊದಲ ಪೀರಿಯಡ್ ಹಿಂಡಿ, ಎರಡನೆಯದು ಹಸಿಮೇವು, ಮೂರನೆಯದು ಮೆಲುಕು! ಡಬ್ಬದ ಮೇಲಿನ ಅವಳ ಬರಹ ನೋಡಿದೆ. ಒಂದಕ್ಕೆ ನಾಲ್ಕು ಡಬ್ಬಿ, ಇನ್ನೊಂದಕ್ಕೆ ಒಂದೂವರೆ. ಛೆ, ಏನಿದು ಪಕ್ಷಪಾತ! ನನ್ನ ಆಡಳಿತದಲ್ಲಿ ಎಲ್ಲರೂ ಸಮಾನರು. ತಲೆಗೆ ಎರಡೂವರೆ ಡಬ್ಬಿ!

ಮರುದಿನ ಹಾಲು ಕರೆಯುವ ಮೆಷಿನ್ ಹಚ್ಚಿದರೆ ಹೆಚ್ಚು ಹಾಲು ಕೊಡುತ್ತಿದ್ದ ಹಸುಗಳೆಲ್ಲ ಮುಷ್ಕರ ಹೂಡಿದ್ದವು. ಸಂಜೆ ಹೆಂಡತಿಯ ಫೋನು.

"ಕೊನೆಯಲ್ಲಿ ಕಟ್ಟಿರೋಳ ಸಗಣಿ ಹೇಗಿದೆ?"

ನಲವತ್ತೆಂಟು ವರ್ಷದ ಗಂಡನನ್ನು ಹೆಂಡತಿ ಕೇಳುವ ಪ್ರಶ್ನೆಯೇ ಇದು? ಹೋಗಿ ನೋಡಿ ಬಂದೆ. "ಸ್ವಲ್ಪ ನೀರು ನೀರಾಗಿದೆ."

"ಎಲ್ಲರಿಗೂ ಒಂದೇ ಅಳತೆ ಹಿಂಡಿ ಹಾಕಿದ್ರಾ?"

ನಾಲ್ಕು ತಾಸಿನ ದಾರಿ ದೂರದಲ್ಲಿ ಕೂತು, ಸಗಣಿಯೊಂದರಿಂದ ನನ್ನ ಆಡಳಿತ ನೀತಿಯನ್ನೇ ಓದಿಬಿಟ್ಟಳಲ್ಲ! "ಕರೆಯೋ ಹಾಲು ನೋಡಿ ಹಿಂಡಿ ಹಾಕಬೇಕು ರೀ. ಹಾಲು ಕೊಡದೋಳಿಗೆ ಹಾಕಿದ್ರೆ ಹೊಟ್ಟೆ ಕೆಡುತ್ತೆ, ಕೊಡೋಳಿಗೆ ಹಾಕದಿದ್ರೆ ಮೈ ಇಳಿಯುತ್ತೆ. ಮೈ ಇಳಿದ್ರೆ ಬೆದೆಗೂ ಸರಿಯಾಗಿ ಬರಲ್ಲ." ಅವಳ ಪಾಠ ಒಂದೇ ಉಸಿರಿನಲ್ಲಿ ಮುಗಿಯಿತು. ನನ್ನ ಸಮಾನತೆಯೂ ಮುಗಿಯಿತು.

ಮೂರನೆಯ ಬೆಳಿಗ್ಗೆ ಆರೂಮುಕ್ಕಾಲಿಗೆ ಹಸುಗಳನ್ನು ಅಂಗಳಕ್ಕೆ ಬಿಟ್ಟೆ. ನಮ್ಮಲ್ಲಿ ರೌಡಿ ಎಂಬ ಒಂದು ಹಸುವಿದೆ. ಬಕೆಟ್ ಒದೆಯುವುದು, ಬಾಗಿಲು ತಳ್ಳುವುದು, ಪಕ್ಕದವರ ಮೇವಿಗೆ ಬಾಯಿ ಹಾಕುವುದು ಅದರ ದಿನಚರಿ. ಅವತ್ತು ಆ ರೌಡಿ ಸೀದಾ ಹೋಗಿ ಮೌನಿಯ ಬೆನ್ನ ಮೇಲೆ ಹತ್ತಿಬಿಟ್ಟಿತು! ಇಳಿದು, ಮತ್ತೆ ಹತ್ತಿತು! ಪಾಪದ ಮೌನಿ ಕಂಬದ ಹಾಗೆ ನಿಂತೇ ಇತ್ತು. ಒಂದು ಹೆಜ್ಜೆ ಸರಿಯಲಿಲ್ಲ.

ನನಗೆ ಒಂದೇ ಹೊತ್ತಿಗೆ ಎರಡು ಭಾವ ಉಕ್ಕಿದವು. ಮೊದಲನೆಯದು ವಿಜಯೋತ್ಸಾಹ. ಬೆದೆಗೆ ಬಂದ ಹಸುವನ್ನು ನಾನೊಬ್ಬನೇ ಕಂಡುಹಿಡಿದಿದ್ದೆ, ಅದು ರೌಡಿ! ಎರಡನೆಯದು ಧರ್ಮಕ್ರೋಧ. "ಸಾಧುಪ್ರಾಣಿ ಅಂತ ಮೇಲೆ ಬೀಳ್ತೀಯಾ?" ಎಂದು ರೌಡಿಯನ್ನು ಗದರಿಸಿ, ಮೌನಿಯನ್ನು ಒಳಗೆ ಕರೆದೊಯ್ದು ಕಟ್ಟಿ, ಬೆನ್ನು ಸವರಿ ಸಮಾಧಾನ ಹೇಳಿದೆ. ಡಾಕ್ಟರಿಗೆ ಫೋನ್ ಮಾಡಿ ಶಾಲೆಗೆ ಹೋದೆ.

ಭುಜದವರೆಗೂ ಕೈಗವಸು ಹಾಕುವ ಅವರನ್ನು ನಾವು ಗ್ಲೌಸ್ ಡಾಕ್ಟರು ಎನ್ನುತ್ತೇವೆ. ಸಂಜೆ ಐದಕ್ಕೆ ಬೈಕಿನಲ್ಲಿ ವೀರ್ಯದ ಕ್ಯಾನು ಕಟ್ಟಿಕೊಂಡು ಬಂದರು. ನಾನು ಠೀವಿಯಿಂದ ರೌಡಿಯನ್ನು ತೋರಿಸಿದೆ. ಅವರು ಕೈ ಒಳಗೆ ಹಾಕಿ ನೋಡಿದರು. ಹುಬ್ಬು ಮೇಲೇರಿತು.

"ಮೇಷ್ಟ್ರೇ, ಇದು ನಾಲ್ಕು ತಿಂಗಳ ಗಬ್ಬ! ನೋಡದೆ ಇಂಜೆಕ್ಷನ್ ಕೊಟ್ಟಿದ್ರೆ ಕರು ಹೋಗಿಬಿಡ್ತಿತ್ತು. ಅಮ್ಮಾವ್ರು ಊರಲ್ಲಿಲ್ವಾ?"

"ಇಲ್ಲ."

"ಅನ್ಕೊಂಡೆ," ಎಂದು ಕೈತೊಳೆದು ಬೈಕು ಹತ್ತಿದರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿರುವಾಗಲೇ ಫೋನು ಬಡಿದುಕೊಂಡಿತು. ನಡೆದದ್ದನ್ನು ಹೆಂಡತಿಗೆ ತೊದಲಿದೆ.

"ಹತ್ತಿದ್ದು ಯಾರು?"

"ರೌಡಿ."

"ನಿಂತಿದ್ದು ಯಾರು?"

"ಮೌನಿ. ಪಾಪ ಕಣೇ, ಓಡೋಕೂ ಗೊತ್ತಾಗ್ದೆ..."

"ಅಯ್ಯೋ ರೀ! ಹತ್ತೋಳಲ್ಲ, ಹತ್ತಿಸ್ಕೊಂಡು ಸುಮ್ನೆ ನಿಂತೋಳೇ ಬೆದೆಗೆ ಬಂದಿರೋದು! ಬೆದೆ ಇಲ್ದಿದ್ರೆ ಯಾವ ಹಸು ಹಾಗೆ ನಿಲ್ಲುತ್ತೆ? ಡಾಕ್ಟರು ಎಲ್ಲಿ?"

"ಈಗಷ್ಟೇ ಹೋದ್ರು."

"ಓಡಿ!"

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಯಾಕೋ ಬಕೆಟ್ಟು! "ಡಾಕ್ಟ್ರೇ! ನಿಲ್ಲಿ! ನಿಂತೋಳು! ನಿಂತೋಳು ಅವಳು!" ಇಡೀ ಬೀದಿ ಬಾಗಿಲಿಗೆ ಬಂತು. ನನ್ನದೇ ವಿದ್ಯಾರ್ಥಿಗಳು ಕಾಂಪೌಂಡ್ ಹತ್ತಿ ಚಪ್ಪಾಳೆ ತಟ್ಟಿದರು. ಪೆಟ್ರೋಲ್ ಬಂಕಿನಲ್ಲಿ ಸಾಲು ಉದ್ದವಿತ್ತು, ಅದೇ ನನ್ನ ಪುಣ್ಯ. ಡಾಕ್ಟರು ಅಲ್ಲೇ ಇದ್ದರು.

ವಾಪಸು ಬಂದು ಮೌನಿಯನ್ನು ಪರೀಕ್ಷಿಸಿ, "ಬೆಳಿಗ್ಗೆ ನಿಂತಿದೆ ಅಂದ್ರೆ ಸಂಜೆಯೇ ಸರಿಯಾದ ಹೊತ್ತು" ಎಂದು ಕೆಲಸ ಮುಗಿಸಿದರು. ನನ್ನ ಮೂರ್ಖತನ ಅಷ್ಟು ಕರಾರುವಾಕ್ಕಾಗಿ ಸಮಯಪಾಲನೆ ಮಾಡಿತ್ತು! ವ್ಯಾಪಾರಿಗೆ ಇನ್ನೆರಡು ತಿಂಗಳು ತಾಳು ಎಂದು ಹೆಂಡತಿ ಹೇಳಿಕಳಿಸಿದಳು.

ಗಬ್ಬ ನಿಲ್ಲದಿದ್ದರೆ ಮತ್ತೆ ಬೆದೆಗೆ ಬರಬೇಕಿದ್ದ ಇಪ್ಪತ್ತೊಂದನೆಯ ದಿನ ಮೌನಿ ಬರಲಿಲ್ಲ. ಎರಡು ತಿಂಗಳು ಕಳೆದು ಗ್ಲೌಸ್ ಡಾಕ್ಟರು ಬಂದರು. ಅವರು ಕೈ ಒಳಗಿಟ್ಟು ಕಣ್ಣುಮುಚ್ಚಿ ನಿಂತಷ್ಟು ಹೊತ್ತೂ ಹೆಂಡತಿ ಮೌನಿಯ ಕುತ್ತಿಗೆ ತಬ್ಬಿ ನಿಂತಿದ್ದಳು. ಉಸಿರಾಡಿದ್ದು ನಾನು ಕಾಣಲಿಲ್ಲ.

"ನಿಂತಿದೆ ಅಮ್ಮಾ. ಗಬ್ಬ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವಳ ಮುಂದೆ ನನ್ನ ಪದವಿ, ಟೈಂಟೇಬಲ್ ಎಲ್ಲ ಯಾವ ಮೂಲೆಗೆ ಎನಿಸಿತು. ಮನಸಾರೆ ಕೇಳಿಯೇಬಿಟ್ಟೆ.

"ಅಲ್ಲ ಕಣೇ, ಎದುರಿಗೇ ನಿಂತು ನೋಡಿದ ನನಗೆ ಗೊತ್ತಾಗಲಿಲ್ಲ. ಇದನ್ನೆಲ್ಲ ನೀನು ಯಾವಾಗ ಕಲಿತೆ?"

"ಎಗರಾಡೋರನ್ನ ಬಿಟ್ಟು ಸುಮ್ನೆ ನಿಂತೋರನ್ನ ನೋಡಬೇಕು ಅನ್ನೋದಾ?" ಮೌನಿಯ ಕುತ್ತಿಗೆಯ ಗಂಗೆದೊಗಲು ಸವರುತ್ತ ಅವಳು ನಕ್ಕಳು. "ಅದನ್ನ ಹಸು ಕಟ್ಟೋಕೆ ಮುಂಚೆಯೇ ಕಲಿತೆ ರೀ. ನಿಮ್ಮನ್ನ ಮದುವೆಯಾದ ವರ್ಷ!"